ಕರೆಂಟ್ ಬಿಲ್ಲು ಕಟ್ಟುವವರು ಯಾರು?

ಯಾವ ಊರಿನ ಗುಡಿಗೆ ಬೇಕಾದರೂ ಹೋಗಿ ನೋಡಿ, ಅಲ್ಲೊಂದು ಟ್ಯೂಬ್‌ಲೈಟ್ ಇರುತ್ತದೆ. ಅದರ ಪಟ್ಟಿಯ ಮೇಲೆ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು, ಊರು, ತಾಲ್ಲೂಕು ಎಲ್ಲವೂ ಕೆಂಪಕ್ಷರದಲ್ಲಿ ಬರೆದಿರುತ್ತದೆ. ಹೆಸರು ದೊಡ್ಡದಾದಷ್ಟೂ ಬೆಳಕು ಕಡಿಮೆ ಎಂಬುದು ಹಳೆಯ ತಮಾಷೆ. ಆದರೆ ಆ ದೀಪ ಉರಿಯಬೇಕಾದರೆ ಯಾರೋ ಒಬ್ಬರು ತಿಂಗಳು ತಿಂಗಳು ಕರೆಂಟ್ ಬಿಲ್ಲು ಕಟ್ಟಬೇಕಲ್ಲ? ಅವರ ಹೆಸರು ಮಾತ್ರ ಯಾವ ಗೋಡೆಯ ಮೇಲೂ ಇರುವುದಿಲ್ಲ.

ಉಚ್ಚಂಗಿದುರ್ಗದ ಆ ಹುಡುಗನಿಗೆ ಈ ಮಾತು ಹೊಳೆದದ್ದು ಒಂದು ಭರತ ಹುಣ್ಣಿಮೆಯ ಜಾತ್ರೆಯಲ್ಲಿ. ಹುಡುಗ ಎಂದರೆ ಈಗ ಮೂವತ್ತರ ಹತ್ತಿರ ಬಂದವನು. ಬಿ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ಊರಿನವರ ಬಾಯಲ್ಲಿ ಮಾತ್ರ ಇನ್ನೂ ಹುಡುಗನೇ.

ಭರತ ಹುಣ್ಣಿಮೆಯ ದಿನ ದುರ್ಗದ ತಪ್ಪಲು ಒಂದು ಬೇರೆಯೇ ಊರಾಗಿರುತ್ತದೆ. ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು, ಹಾಲಮ್ಮನ ತೋಪಿನಲ್ಲಿ ಮೂರು ಕಲ್ಲಿನ ಒಲೆಗಳು, ಪಡ್ಡಲಗಿ ತುಂಬುವವರು, ಚೌಡಿಕೆಯ ಸದ್ದು, ಗಾಳಿಯ ತುಂಬ ಭಂಡಾರ, ‘ಉಧೋ ಉಧೋ’ ಎಂಬ ಕೂಗು. ಮೇಲೆ ಉಚ್ಚಂಗೆಮ್ಮನ ಗುಡಿ, ಸುತ್ತ ಹಾಳು ಕೋಟೆ. ಹನ್ನೆರಡನೆಯ ಶತಮಾನದಲ್ಲಿ ಉಚ್ಚಂಗಿಯ ಪಾಂಡ್ಯರು ಆಳಿದ ಕೋಟೆ ಅದು. ಹೊಯ್ಸಳ ವೀರಬಲ್ಲಾಳ ಅದನ್ನು ಗೆದ್ದು ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳನ್ನು ಹಚ್ಚಿಕೊಂಡ. ಗೆದ್ದವನ ಬಿರುದು ಶಾಸನಗಳಲ್ಲಿ ಉಳಿಯಿತು. ಬೆಟ್ಟಕ್ಕೆ ಕಲ್ಲು ಹೊತ್ತವರ ಹೆಸರು ಅಲ್ಲಿಯೂ ಇಲ್ಲ.

ಆ ಸಲ ಹುಡುಗ ಜಾತ್ರೆಗೆ ಬರುವಾಗ ಜೇಬಿನಲ್ಲಿ ಮೂವತ್ತು ಸಾವಿರ ರೂಪಾಯಿ ಇತ್ತು. ಅವನದಲ್ಲ, ಕಚೇರಿಯ ಗೆಳೆಯರು ಕೂಡಿಸಿಕೊಟ್ಟದ್ದು. ಅದರ ಹಿಂದೆ ಒಂದು ಕಥೆಯಿದೆ.

ಮೂರು ತಿಂಗಳ ಹಿಂದೆ ಕಂಪನಿಯವರು ಸ್ವಯಂಸೇವೆಯ ದಿನವೆಂದು ಐವತ್ತು ಜನರನ್ನು ಬಸ್ಸಿನಲ್ಲಿ ಕೂರಿಸಿ ನಗರದ ಅಂಚಿನ ಅಂಗನವಾಡಿಯೊಂದಕ್ಕೆ ಕರೆದುಕೊಂಡು ಹೋಗಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಕೈಗೊಂದು ಕುಂಚ. ಸಂಜೆಯೊಳಗೆ ಗೋಡೆಯ ಮೇಲೆ ಜಿರಾಫೆ, ಕಾಮನಬಿಲ್ಲು, ಇಂಗ್ಲಿಷ್ ಅಕ್ಷರಮಾಲೆ ಎಲ್ಲ ಮೂಡಿದವು. ಮಕ್ಕಳು ಸಂಭ್ರಮಪಟ್ಟದ್ದು ಸುಳ್ಳಲ್ಲ. ಫೋಟೋ ತೆಗೆಸಿಕೊಂಡು ಬಸ್ಸು ಹತ್ತುವಾಗ ಅಲ್ಲಿಯ ಕಾರ್ಯಕರ್ತೆ ಮೆಲ್ಲಗೆ, “ಸಾರ್, ತೂಕದ ಯಂತ್ರ ಕೆಟ್ಟು ನಾಲ್ಕು ತಿಂಗಳಾಯ್ತು, ನಿಮ್ಮ ಕಡೆಯಿಂದ ಏನಾದರೂ...” ಎಂದಿದ್ದರು. ಇವನು “ನೋಡೋಣ ಮೇಡಂ” ಎಂದ. ನೋಡಲಿಲ್ಲ. ಆದರೆ ಊರಿನ ಅಂಗನವಾಡಿಗೂ ಹೀಗೆಯೇ ಬಣ್ಣ ಹೊಡೆಸಬೇಕೆಂಬ ಆಸೆ ಮಾತ್ರ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಗೆಳೆಯರೂ ಖುಷಿಯಿಂದ ಹಣ ಕೊಟ್ಟರು. “ಫೋಟೋ ಕಳಿಸೋ” ಎಂಬುದೊಂದೇ ಅವರ ಷರತ್ತು.

ಹುಣ್ಣಿಮೆಯ ಮಾರನೆಯ ದಿನ ಅವನು ಅಂಗನವಾಡಿಗೆ ಹೋದ. ಅವನಿಗೆ ಅ ಆ ಇ ಈ ಕಲಿಸಿದ ಟೀಚರಮ್ಮನೇ ಇನ್ನೂ ಅಲ್ಲಿದ್ದರು. ಕೂದಲು ಬೆಳ್ಳಗಾಗಿತ್ತು, ದನಿ ಬದಲಾಗಿರಲಿಲ್ಲ.

“ಬಾರಪಾ, ಯಾವಾಗ ಬಂದಿ? ಕುಂದ್ರು” ಎಂದು ಮಕ್ಕಳ ಪುಟ್ಟ ಕುರ್ಚಿಯನ್ನೇ ಸರಿಸಿದರು. ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತು ಅವನು ತನ್ನ ಯೋಜನೆ ಹೇಳಿದ. ಟೀಚರಮ್ಮ ಪೂರ್ತಿ ಕೇಳಿದರು.

“ಬಣ್ಣ ಹೊಡಸ್ತೀಯಾ, ಹೊಡಸಪ್ಪಾ. ಬ್ಯಾಡ ಅನ್ನಂಗಿಲ್ಲ. ಆದ್ರ ಮೊದ್ಲು ಇದನ್ನ ನೋಡು” ಎಂದು ಮೂಲೆಯಲ್ಲಿದ್ದ ತಗಡಿನ ಟ್ರಂಕನ್ನು ತೆರೆದರು.

ಟ್ರಂಕಿನ ತುಂಬ ಪುಸ್ತಕಗಳು. ಹಾಜರಿ, ತೂಕ, ಚುಚ್ಚುಮದ್ದು, ಆಹಾರ ಸಾಮಗ್ರಿ, ಗರ್ಭಿಣಿ ಬಾಣಂತಿಯರ ಪಟ್ಟಿ, ಮನೆ ಭೇಟಿ. ಕೆಳಗಿನವಕ್ಕೆ ಗೆದ್ದಲು ಹಿಡಿದಿತ್ತು. ತಾಲ್ಲೂಕು ಎನ್ನುವುದು ಈ ಟೀಚರಮ್ಮನ ಕಾಲದಲ್ಲಿ ಎಷ್ಟು ಸಲ ಜಿಲ್ಲೆ ಬದಲಿಸಿತೆಂದರೆ, ಪುಸ್ತಕಗಳ ಮೇಲಿನ ಮೊಹರುಗಳೇ ಅದನ್ನು ಹೇಳುತ್ತಿದ್ದವು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು. ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಯ ಪಾಲಾಯಿತು. ಕಚೇರಿಗಳು ಬದಲಾದವು, ಕಡತಗಳು ಊರೂರು ಅಲೆದವು, ಟ್ರಂಕು ಮಾತ್ರ ಇದ್ದಲ್ಲೇ ಇತ್ತು.

“ಈಗ ಫೋನಿನ್ಯಾಗ ಹಾಕ್ತೀವಿ. ಆದ್ರ ಯಾರ ಮನ್ಯಾಗ ಏನು ಕಷ್ಟ ಐತಿ, ಯಾವ ಕೂಸು ಗುಳೇ ಹೋಗೈತಿ, ಯಾವುದು ಅಜ್ಜಿ ಹತ್ರ ಐತಿ, ಅವೆಲ್ಲ ಇಲ್ಲಿ ಐತಿ” ಎಂದು ಟೀಚರಮ್ಮ ತಮ್ಮ ತಲೆಯನ್ನು ಮುಟ್ಟಿ ತೋರಿಸಿದರು. “ಬರೋ ವರ್ಷ ನನಗ ಅರವತ್ತು. ನಾ ಹೋದ ಮ್ಯಾಲೆ ಇದು ಯಾರ ತಲ್ಯಾಗ ಇರ್ತೈತಿ ಹೇಳು?”

ಲೆಕ್ಕಪತ್ರ ಓದಿದ ಹುಡುಗನಿಗೆ ಆ ಪ್ರಶ್ನೆ ಎದೆಗೆ ತಾಗಿತು. ಕಂಪನಿಯಲ್ಲಿ ಒಬ್ಬ ಗುಮಾಸ್ತ ಕೆಲಸ ಬಿಟ್ಟರೆ ಒಂದು ತಿಂಗಳು ಮುಂಚೆಯೇ ಹೊಸಬನನ್ನು ಪಕ್ಕದಲ್ಲಿ ಕೂರಿಸಿ ಎಲ್ಲವನ್ನೂ ಒಪ್ಪಿಸಿಕೊಳ್ಳುತ್ತಾರೆ. ಇಲ್ಲಿ ಒಂದು ಊರಿನ ಕೂಸುಗಳ ಬದುಕೇ ಒಬ್ಬ ಹೆಂಗಸಿನ ನೆನಪಿನಲ್ಲಿ ನಿಂತಿದೆ.

ಆಗಲೇ ಟೀಚರಮ್ಮ ಒಂದು ಮಗುವಿನ ಮಾತು ತೆಗೆದರು. ಮೂರು ವರ್ಷದ ಹುಡುಗಿ. ಮೆಕ್ಕೆಜೋಳ ಕೈಕೊಟ್ಟ ವರ್ಷ ಅಪ್ಪ ಅವ್ವ ಕಾಫಿ ತೋಟಕ್ಕೆ ಗುಳೇ ಹೋದಾಗ ಅವರ ಜೊತೆ ಹೋಗಿತ್ತು. ಹುಣ್ಣಿಮೆಗೆ ತಿರುಗಿ ಬಂದಾಗ ಕೆನ್ನೆ ಒಳಗೆ ಹೋಗಿತ್ತು. ಟೀಚರಮ್ಮನ ಕಣ್ಣಿಗೆ ಅದು ಕೂಡಲೇ ಕಂಡಿತು. ಆದರೆ ಕಣ್ಣಿಗೆ ಕಂಡದ್ದನ್ನು ಆಸ್ಪತ್ರೆ ಒಪ್ಪಬೇಕಾದರೆ ಅಳತೆ ಬೇಕು. ಇಲ್ಲಿಯ ತೂಕದ ಯಂತ್ರವೂ ಕೆಟ್ಟು ಕುಳಿತಿತ್ತು. ಹುಡುಗನಿಗೆ ಬೆಂಗಳೂರಿನ ಆ ಕಾರ್ಯಕರ್ತೆಯ ಮೆಲುದನಿ ನೆನಪಾಯಿತು. ಜಿರಾಫೆಯೂ ನೆನಪಾಯಿತು. ಅವನು ತಲೆ ತಗ್ಗಿಸಿದ.

ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೇಗೆ ದಾಟುತ್ತದೆ ಎಂಬುದಕ್ಕೆ ಈ ದೇಶದಲ್ಲಿ ಒಳ್ಳೆಯ ಉದಾಹರಣೆಗಳಿವೆ. ಭಾವನಗರದ ವಕೀಲ ಗಿಜುಭಾಯಿ ಬಧೇಕಾ 1920ರಲ್ಲಿ ಅಲ್ಲಿಯ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದವರು ತಾರಾಬಾಯಿ ಮೋಡಕ್. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ತಾರಾಬಾಯಿ 1945ರಲ್ಲಿ ಮುಂಬಯಿಯಾಚೆಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಬಡವರ, ಆದಿವಾಸಿಗಳ ಮಕ್ಕಳಿಗಾಗಿ ಶಾಲೆ ತೆರೆದಾಗ ಮಕ್ಕಳು ಬರಲೊಲ್ಲವು. ಮಕ್ಕಳು ಬಾರದಿದ್ದರೇನು, ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಅವರು ಗುಡಿಸಲುಗಳ ಮುಂದೆಯೇ ಕಲಿಸತೊಡಗಿದರು. ‘ಅಂಗನವಾಡಿ’ ಎಂಬ ಮಾತು ಹುಟ್ಟಿದ್ದು ಹಾಗೆ. 1957ರಲ್ಲಿ ಸಂಸ್ಥೆ ಕೋಸಬಾಡದ ಗುಡ್ಡಕ್ಕೆ ಹೋಯಿತು.

ತಾರಾಬಾಯಿ 1973ರಲ್ಲಿ ತೀರಿಕೊಂಡರು. ಎಷ್ಟೋ ಸಂಸ್ಥೆಗಳು ಸ್ಥಾಪಕರ ಜೊತೆಯೇ ಚಿತೆಯೇರುತ್ತವೆ. ಕೋಸಬಾಡ ಹಾಗಾಗಲಿಲ್ಲ. ಬೋರ್ಡಿಯ ಮೊದಲ ದಿನಗಳಿಂದ ಅವರ ಪಕ್ಕದಲ್ಲಿದ್ದು ಕಲಿತ ಅನುತಾಯಿ ವಾಘ್ ಅದನ್ನು 1992ರಲ್ಲಿ ತಾವು ಕಣ್ಣು ಮುಚ್ಚುವವರೆಗೂ ನಡೆಸಿದರು. ತಾರಾಬಾಯಿ ಮಕ್ಕಳಿಗೆ ಕಲಿಸಿದ್ದು ದೊಡ್ಡದು. ಕಲಿಸುವವರನ್ನು ತಯಾರು ಮಾಡಿದ್ದು ಅದಕ್ಕಿಂತ ದೊಡ್ಡದು.

ದೆಹಲಿಯಲ್ಲಿ 1969ರಲ್ಲಿ ಗಾಂಧಿ ಶತಮಾನೋತ್ಸವದ ವಸ್ತುಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದಾಗ ಮೀರಾ ಮಹಾದೇವನ್ ಎಂಬ ಮಹಿಳೆ ಅಲ್ಲಿ ಧೂಳಿನಲ್ಲಿ ಬಿದ್ದಿದ್ದ ಕೂಲಿಕಾರರ ಕೂಸುಗಳನ್ನು ಕಂಡರು. ಒಂದು ಡೇರೆ ಹಾಕಿ ಅವುಗಳನ್ನು ನೋಡಿಕೊಳ್ಳತೊಡಗಿದರು. ‘ಮೊಬೈಲ್ ಕ್ರೆಷಸ್’ ಎಂಬ ಸಂಸ್ಥೆ ಹುಟ್ಟಿದ್ದು ಅಲ್ಲಿ. ಎಲ್ಲ ಕೂಸಿನ ಮನೆಗಳನ್ನೂ ತಾವೇ ನಡೆಸಲಾಗದು ಎಂಬುದು ಮುಂದೆ ಆ ಸಂಸ್ಥೆಗೆ ಗೊತ್ತಾಯಿತು. ಕಟ್ಟಡ ಕಟ್ಟಿಸುವವರಿಂದ ಖರ್ಚಿನ ಪಾಲು ಕೇಳುವುದು, ಬೇರೆ ಸಣ್ಣ ಸಂಸ್ಥೆಗಳಿಗೆ ತರಬೇತಿ ಕೊಡುವುದು ಅದರ ಮುಖ್ಯ ಕೆಲಸಗಳಲ್ಲಿ ಸೇರಿದವು. 1996ರ ಕಟ್ಟಡ ಕಾರ್ಮಿಕರ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳು ದುಡಿಯುವ ಕಡೆ ಮಕ್ಕಳಿಗೆ ಕೋಣೆ, ನೋಡಿಕೊಳ್ಳಲು ತರಬೇತಾದ ಹೆಂಗಸರು ಇರಲೇಬೇಕೆಂದು ವಿಧಿಸಿತು. ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ಎಷ್ಟು ತಾಯಂದಿರಿಗೆ ಈ ಸಂಗತಿ ಗೊತ್ತಿದೆಯೋ!

ಸರ್ಕಾರದ ಅಂಗನವಾಡಿಯ ಚರಿತ್ರೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ, ನೂರು ಅಂಗನವಾಡಿಗಳೊಂದಿಗೆ. ಇಂದು ಅಂಗನವಾಡಿಯಿಲ್ಲದ ಊರು ಸಿಕ್ಕುವುದೇ ಅಪರೂಪ. ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದೂ ಅಂಗನವಾಡಿಯಿಲ್ಲದ ಹಳ್ಳಿ ಅಥವಾ ಕೊಳೆಗೇರಿಯ ಜನ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಹೇಳಿತು. 2023ರಲ್ಲಿ ಕರ್ನಾಟಕ ಸರ್ಕಾರ 4000 ಗ್ರಾಮ ಪಂಚಾಯಿತಿಗಳಲ್ಲಿ ಕೂಲಿ ತಾಯಂದಿರ ಕೂಸುಗಳಿಗಾಗಿ ‘ಕೂಸಿನ ಮನೆ’ ತೆರೆಯುವುದಾಗಿ ಸಾರಿತು. ಅಂದರೆ ಸೂರು ಇದೆ, ಹೆಸರಿದೆ, ಹಕ್ಕೂ ಇದೆ. ಅದನ್ನು ದಿನದಿನವೂ ನಡೆಸುವ ಕಸುವು ಬೇರೆಯೇ ಮಾತು.

ಈ ಕಸುವಿಗಾಗಿಯೇ ಕರ್ನಾಟಕದ ಅಂಗನವಾಡಿಗಳಲ್ಲಿ ಬಾಲವಿಕಾಸ ಸಮಿತಿ ಎಂಬುದೊಂದಿದೆ. ಮಕ್ಕಳ ತಾಯಂದಿರು, ಊರಿನ ಆಸಕ್ತರು ಸದಸ್ಯರು. ತಾಯಂದಿರಲ್ಲಿ ಒಬ್ಬಳು ಅಧ್ಯಕ್ಷೆ, ಕಾರ್ಯಕರ್ತೆ ಕಾರ್ಯದರ್ಶಿ. ಬ್ಯಾಂಕಿನಲ್ಲಿ ಇಬ್ಬರ ಹೆಸರಿನ ಜಂಟಿ ಖಾತೆ. ಮೊಟ್ಟೆ, ತರಕಾರಿಯ ಹಣ ಆ ಖಾತೆಗೇ ಬರುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ವ್ಯವಸ್ಥೆ ಇಲ್ಲ. ಆದರೆ ಕೂಲಿ ಬಿಟ್ಟು ಸಭೆಗೆ ಬರುವ ತಾಯಿಯ ಅರ್ಧ ದಿನದ ಸಂಬಳ ಯಾರು ಕೊಡುತ್ತಾರೆ? ಪಾಸ್‌ಬುಕ್ಕು ಓದುವುದನ್ನು ಅವಳಿಗೆ ಯಾರು ಹೇಳಿಕೊಡುತ್ತಾರೆ? ಅಧ್ಯಕ್ಷೆ ತೋರಿಸಿದಲ್ಲಿ ಸಹಿ ಹಾಕುತ್ತಾಳೆ, ಟೀಚರಮ್ಮ ಎಲ್ಲವನ್ನೂ ತಾವೇ ಬರೆಯುತ್ತಾರೆ. ಬಹಳ ಕಡೆ ಹೀಗೇ ನಡೆಯುತ್ತದೆ.

ಸ್ವಯಂಸೇವಾ ಸಂಸ್ಥೆಗಳ ಕಥೆಯೂ ಬೇರೆಯಲ್ಲ. ಹತ್ತಿರದ ತಾಂಡಾ ಒಂದರಲ್ಲಿ ನಾಲ್ಕಾರು ಯುವಕರು ಸೇರಿ ಬಾಲವಾಡಿ ನಡೆಸುತ್ತಿದ್ದರಂತೆ. ದಾನಿಗಳು ಆಟಿಕೆ ಕೊಟ್ಟರು, ಚಾಪೆ ಕೊಟ್ಟರು, ಬ್ಯಾಗು ಕೊಟ್ಟರು. ಕಲಿಸುವ ಹುಡುಗಿಯ ಸಂಬಳಕ್ಕೆ ಮಾತ್ರ, “ಅದು ನಿಮ್ಮ ಆಡಳಿತದ ಖರ್ಚು, ಅದಕ್ಕೆ ನಮ್ಮಲ್ಲಿ ಅವಕಾಶವಿಲ್ಲ” ಎಂದರು. ಸಂಘದ ವಾರ್ಷಿಕ ಲೆಕ್ಕವನ್ನು ನೋಂದಣಿ ಕಚೇರಿಗೆ ಸಲ್ಲಿಸಲು ಯಾರಿಗೂ ಬರಲಿಲ್ಲ. ಹುಡುಗಿಗೆ ಮದುವೆಯಾಯಿತು, ಬಾಲವಾಡಿ ಮುಚ್ಚಿತು. ಆಟಿಕೆಗಳು ಇನ್ನೂ ಬೀಗ ಹಾಕಿದ ಕೋಣೆಯಲ್ಲಿವೆ.

ದಾನಿಗಳೇ ಕೆಟ್ಟವರೆಂದು ತಿಳಿಯಬೇಕಾಗಿಲ್ಲ. 2013ರ ಕಂಪನಿ ಕಾಯಿದೆಯಂತೆ 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದರಿಂದ ಹಣದ ಹರಿವು ಹೆಚ್ಚಿತು. ಆದರೆ ಹಣ ಕೊಟ್ಟವರಿಗೆ ವರ್ಷದೊಳಗೆ ಕಣ್ಣಿಗೆ ಕಾಣುವ ಫಲ ಬೇಕು. ಗೋಡೆಯ ಬಣ್ಣ ಕಾಣುತ್ತದೆ, ಕಾರ್ಯಕರ್ತೆಯ ತರಬೇತಿ ಕಾಣುವುದಿಲ್ಲ. ವಿದೇಶದಿಂದ ಬರುವ ದೇಣಿಗೆಯ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ನೂರಕ್ಕೆ ಐವತ್ತರಿಂದ ಇಪ್ಪತ್ತಕ್ಕೆ ಇಳಿಸಿತು. ದೊಡ್ಡ ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚುವುದನ್ನೂ ನಿಲ್ಲಿಸಿತು. ಹಣ ಪೋಲಾಗಬಾರದೆಂಬ ಕಾಳಜಿ ಸರಿಯೇ. ಆದರೆ ಲೆಕ್ಕ ಬರೆಯುವವನ ಸಂಬಳವನ್ನೇ ಪೋಲು ಎಂದುಕೊಂಡರೆ ಲೆಕ್ಕ ಬರೆಯುವವರಾದರೂ ಯಾರು? ದೀಪ ಕೊಡುವವರಿಗೆ ಬರವಿಲ್ಲ, ಕರೆಂಟ್ ಬಿಲ್ಲಿನ ಪ್ರಶ್ನೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಹುಡುಗ ಆ ರಾತ್ರಿ ಮಾಳಿಗೆಯ ಮೇಲೆ ಮಲಗಿ ಹುಣ್ಣಿಮೆ ಕಳೆದ ಚಂದ್ರನನ್ನು ನೋಡುತ್ತ ಯೋಚಿಸಿದ. ಬೆಳಗ್ಗೆ ಎದ್ದು ಟೀಚರಮ್ಮನ ಬಳಿ ಹೋಗಿ, “ಬಣ್ಣ ಆಮೇಲೆ ನೋಡೋಣ ಟೀಚರ್. ಮೊದಲು ಅಧ್ಯಕ್ಷರನ್ನ ಕರೀರಿ” ಎಂದ.

ಅಧ್ಯಕ್ಷೆ ಬಂದದ್ದು ಹೊಲದಿಂದ ನೇರವಾಗಿ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ. “ನನಗ ಓದಾಕ ಅಷ್ಟು ಬರಂಗಿಲ್ಲಪ್ಪಾ” ಎಂದು ಮೊದಲೇ ಹೇಳಿಬಿಟ್ಟಳು. ಹುಡುಗ ಇನ್ನೂರು ಪುಟದ ನೋಟುಪುಸ್ತಕ ತೆಗೆದು ಮೂರು ಗೆರೆ ಎಳೆದ. ಬಂದದ್ದು, ಹೋದದ್ದು, ಉಳಿದದ್ದು. ತಾನೇ ಗುರುವೆಂಬ ಗತ್ತಿನಲ್ಲಿ ನಿಧಾನವಾಗಿ ವಿವರಿಸತೊಡಗಿದ. ಹೆಂಗಸು ಐದು ನಿಮಿಷ ಕೇಳಿ, “ಅಷ್ಟಾ? ಇದು ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಇದ್ದಂಗ ಐತಲ್ಲ!” ಎಂದಳು. ಸಂಘದ ಹೆಂಗಸರ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಅವಳು ತಲೆಯಲ್ಲೇ ಇಟ್ಟುಕೊಂಡು ಪೈಸೆ ತಪ್ಪದೆ ಹೇಳಿದಳು. ಹುಡುಗನ ಗತ್ತು ಅಲ್ಲಿಗೆ ಇಳಿಯಿತು. ಅವಳಿಗೆ ಇಲ್ಲದಿದ್ದದ್ದು ಬುದ್ಧಿಯಲ್ಲ, ಇದು ತನ್ನ ಲೆಕ್ಕ ಎಂದು ಹೇಳಿದವರು ಇರಲಿಲ್ಲ, ಅಷ್ಟೇ.

ಮುಂದಿನ ಆರು ತಿಂಗಳು ಅವನು ಪ್ರತಿ ಎರಡನೆಯ ಶನಿವಾರ ರಾತ್ರಿ ಬಸ್ಸಿಗೆ ಬಂದ. ದಾವಣಗೆರೆಯಲ್ಲಿ ಇಳಿದು ಬೆಳಗಿನ ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಕಣ್ಣು ಕೆಂಪಾಗಿರುತ್ತಿದ್ದವು. “ಮದುವಿ ಆಗೋ ವಯಸ್ನ್ಯಾಗ ಇದೇನು ಹುಚ್ಚು?” ಎಂದು ಅವನ ಅವ್ವ ಗೊಣಗಿದಳು. ಗೊಣಗುತ್ತಲೇ ಭಾನುವಾರದ ಸಭೆಗೆ ಮಂಡಕ್ಕಿ, ಮೆಣಸಿನಕಾಯಿ ಮಾಡಿ ಕಳಿಸಿದಳು. ಸಭೆಗೆ ಬಂದ ತಾಯಂದಿರಿಗೆ ಅರ್ಧ ದಿನದ ಕೂಲಿಯನ್ನು ಗೆಳೆಯರ ಹಣದಿಂದ ಕೊಟ್ಟರು. ಅದೇ ಹಣದಲ್ಲಿ ತೂಕದ ಯಂತ್ರ ಬಂತು. ಮಕ್ಕಳ ರಟ್ಟೆ ಅಳೆಯುವ ಪಟ್ಟಿಗಳೂ ಬಂದವು. ಆ ಪಟ್ಟಿ ಒಂದು ರಿಬ್ಬನ್ನಿನಷ್ಟು ಅಗಲ. ದಾನಿಯ ಹೆಸರು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪಟ್ಟಿ ಕೆಂಪು ತೋರಿಸುತ್ತದೆ, ಹನ್ನೆರಡೂವರೆಯವರೆಗೆ ಹಳದಿ, ಅದರ ಮೇಲೆ ಹಸಿರು. ಓದು ಬಾರದ ತಾಯಿಗೂ ಬಣ್ಣ ಗೊತ್ತಾಗುತ್ತದೆ.

ಕಾಫಿ ತೋಟದಿಂದ ಬಂದ ಹುಡುಗಿಯ ರಟ್ಟೆಗೆ ಪಟ್ಟಿ ಸುತ್ತಿದಾಗ ಕೆಂಪು ಬಂತು.

ಅಂಥ ಮಕ್ಕಳನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹದಿನಾಲ್ಕು ದಿನದ ಮಟ್ಟಿಗೆ ಇಟ್ಟುಕೊಂಡು ಆರೈಕೆ ಮಾಡುತ್ತಾರೆ. ತಾಯಿಯ ಕೂಲಿ ನಷ್ಟಕ್ಕೂ ಒಂದಿಷ್ಟು ಕೊಡುತ್ತಾರೆ. ಆದರೂ ಹುಡುಗಿಯ ತಾಯಿ ಒಪ್ಪಲಿಲ್ಲ. ದೊಡ್ಡ ಮಗನನ್ನು ಯಾರ ಹತ್ತಿರ ಬಿಡುವುದು, ಆಡಿನ ಗತಿಯೇನು ಎಂಬುದು ಅವಳ ಚಿಂತೆ. ಟೀಚರಮ್ಮ ಹೇಳಿ ಸೋತರು. ಹುಡುಗ ಬೆಂಗಳೂರಿನಿಂದ ಫೋನು ಮಾಡಿ ಸೋತ. ಕೊನೆಗೆ ಸಮಿತಿಯ ಅಧ್ಯಕ್ಷೆ ಒಂದು ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತಳು. “ನಿನ್ನ ಮಗ ನಮ್ಮ ಮನ್ಯಾಗ ಉಣ್ತಾನ. ಆಡು ನಮ್ಮವುರ ಕೂಡ ಮೇಯ್ತಾವು. ನೀ ಹೋಗಿ ಬಾ ತಂಗಿ” ಎಂದಳು. ಮಾರನೆಯ ದಿನ ಬಸ್ಸು ಹತ್ತಿಸಿ ಬಂದದ್ದೂ ಅವಳೇ. ಹದಿನಾರನೆಯ ದಿನ ಮಗು ತಿರುಗಿ ಬಂದಾಗ ಪಟ್ಟಿ ಹಳದಿಗೆ ಬಂದಿತ್ತು. ಹಸಿರಾಗಲು ಇನ್ನೂ ಮೂರು ತಿಂಗಳು ಬೇಕಾಯಿತು.

ಎಲ್ಲವೂ ಹೀಗೆ ಸುಸೂತ್ರವಾಯಿತೆಂದಲ್ಲ. ಎರಡು ಸಭೆಗಳಿಗೆ ಯಾರೂ ಬರಲಿಲ್ಲ. ಒಂದು ಮನೆಯವರು, “ಇವನಿಗೇನು ಇದರಾಗ ಲಾಭ? ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ತಾನೇನು?” ಎಂದು ಆಡಿಕೊಂಡರು. ಬರಬೇಕಾಗಿದ್ದ ಮೊಟ್ಟೆಯ ಹಣ ತಡವಾದಾಗ ಅಧ್ಯಕ್ಷೆ ನೋಟುಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಪುಟ ತೆರೆದು ತೋರಿಸಿ ಕೇಳಿದಳು. ಹಣ ಆ ಕೂಡಲೇ ಬರಲಿಲ್ಲ. ಆದರೆ ಟೀಚರಮ್ಮ ತಮ್ಮ ಕೈಯಿಂದ ಹಾಕಿದ ಹಣ ಎಷ್ಟು ಎಂಬುದು ಮೊದಲ ಸಲ ಒಂದು ಪುಸ್ತಕದಲ್ಲಿ ದಾಖಲಾಯಿತು. ತಾಯಂದಿರು ಆ ಅಂಕಿ ಕೇಳಿ ಮುಖ ಮುಖ ನೋಡಿಕೊಂಡರು. ಅಲ್ಲಿಯವರೆಗೆ ಅದು ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಪುಸ್ತಕದಲ್ಲಿ ಟೀಚರಮ್ಮ ಹೇಳುತ್ತ ಹೋದರು, ಊರಿನ ಇಬ್ಬರು ಕಾಲೇಜು ಹುಡುಗಿಯರು ಬರೆಯುತ್ತ ಹೋದರು. ಯಾವ ಮನೆಯವರು ಯಾವ ತಿಂಗಳು ಎಲ್ಲಿಗೆ ಗುಳೇ ಹೋಗುತ್ತಾರೆ, ಅಲ್ಲಿ ಯಾರ ಫೋನಿಗೆ ಮಾತಾಡಬೇಕು, ಯಾವ ಮಗು ಯಾರ ಬಳಿ ಉಳಿಯುತ್ತದೆ. ಗುಳೇ ಹೋದ ಊರಿನ ಅಂಗನವಾಡಿಯಲ್ಲೂ ಆ ಮಗುವಿಗೆ ಊಟ, ಚುಚ್ಚುಮದ್ದು ಕೇಳುವ ಹಕ್ಕಿದೆ ಎಂಬುದನ್ನು ಹೊರಡುವ ಮೊದಲೇ ತಾಯಂದಿರಿಗೆ ಹೇಳಿ ಕಳಿಸತೊಡಗಿದರು.

ಉಚ್ಚಂಗಿದುರ್ಗದಂಥ ಊರಿನಲ್ಲಿ ಇಂಥ ಪುಸ್ತಕಕ್ಕೆ ಇನ್ನೂ ಒಂದು ಅರ್ಥವಿದೆ. ಇದೇ ಭರತ ಹುಣ್ಣಿಮೆಯಲ್ಲಿ ಒಂದು ಕಾಲಕ್ಕೆ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರ ಹೆಸರಿಗೆ ಬಿಡುತ್ತಿದ್ದರು. ದೇವದಾಸಿ ಸಮರ್ಪಣೆ ನಿಷೇಧದ ಕಾಯಿದೆ 1982ರಲ್ಲಿ ಬಂತು. ಕಾಯಿದೆ ಜಾತ್ರೆಯ ದಿನ ಕಾವಲು ನಿಲ್ಲಬಲ್ಲದು. ಉಳಿದ ದಿನಗಳಲ್ಲಿ ಹೆಣ್ಣುಕೂಸಿನ ಹೆಸರು ಒಂದು ಪುಸ್ತಕದಲ್ಲಿರುವುದು, ಆ ಹೆಸರನ್ನು ದಿನಾ ಬೆಳಗ್ಗೆ ಕರೆಯುವವರು ಒಬ್ಬರಿರುವುದು, ಒಂದು ದಿನ ಬಾರದಿದ್ದರೆ “ಯಾಕ ಬಂದಿಲ್ಲ?” ಎಂದು ಬಾಗಿಲಿಗೆ ಹೋಗಿ ಕೇಳುವುದು, ಇವೇ ಕಾವಲು.

ಓದುತ್ತಿರುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಈ ಕಥೆಯಲ್ಲಿ ಒಂದು ಪಾಲಿದೆ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಏಳು ದಿನಗಳ ಶಿಬಿರದಲ್ಲಿ ಚರಂಡಿ ತೆಗೆಯುವುದು, ಗಿಡ ನೆಡುವುದು ನಡೆದೇ ಇದೆ. ವಾಣಿಜ್ಯ ಓದುವ ಹುಡುಗಿ ಒಂದು ಬಾಲವಾಡಿಯ ಲೆಕ್ಕವನ್ನು ಸರಿಯಾಗಿ ಬರೆದುಕೊಡಬಹುದು. ಕಂಪ್ಯೂಟರ್ ಬಲ್ಲ ಹುಡುಗ ಕಾರ್ಯಕರ್ತೆಗೆ ಫೋನಿನ ಆ್ಯಪು ಬಳಸುವುದನ್ನು ತಾಳ್ಮೆಯಿಂದ ಹೇಳಿಕೊಡಬಹುದು. ನಿವೃತ್ತ ಬ್ಯಾಂಕ್ ನೌಕರರೊಬ್ಬರು ತಿಂಗಳಿಗೊಮ್ಮೆ ಸಮಿತಿಯ ಪಾಸ್‌ಬುಕ್ಕನ್ನು ತಾಯಂದಿರಿಗೆ ಓದಿ ಹೇಳಬಹುದು. ಬೇಕಾದದ್ದು ಮೂರು ಗುಣ: ಹೇಳಿದ ದಿನ ಬರುವುದು, ಕೇಳಿಸಿಕೊಳ್ಳುವುದು, ತಾನಿಲ್ಲದಿದ್ದರೂ ಕೆಲಸ ನಡೆಯುವಂತೆ ಮಾಡಿ ಹೊರಟುಹೋಗುವುದು. ಮೂರನೆಯದು ಎಲ್ಲಕ್ಕಿಂತ ಕಷ್ಟ.

ಬೆಂಗಳೂರಿನ ಗೆಳೆಯರು ಫೋಟೋ ಕೇಳುತ್ತಲೇ ಇದ್ದರು. ಹುಡುಗ ಕೊನೆಗೆ ನೋಟುಪುಸ್ತಕದ ಒಂದು ಪುಟದ ಫೋಟೋ ಕಳಿಸಿದ. ಬಂದದ್ದು, ಹೋದದ್ದು, ಉಳಿದದ್ದು. ಕೆಳಗೆ ಅಧ್ಯಕ್ಷೆಯ ಸೊಟ್ಟ ಸಹಿ. ಬಹಳ ಜನ ಏನೂ ಹೇಳಲಿಲ್ಲ. ಒಬ್ಬ, “ಪೇಂಟ್ ಯಾವಾಗ?” ಎಂದ. ಎದುರು ಮೇಜಿನ ಹೆಣ್ಣುಮಗಳೊಬ್ಬಳು ಮಾತ್ರ ಪುಟವನ್ನು ದೊಡ್ಡದು ಮಾಡಿ ಓದಿ, “ಬಸ್ ಚಾರ್ಜು, ಅರ್ಧ ದಿನದ ಕೂಲಿ ಅಂತ ಇದೆಯಲ್ಲ, ಅದನ್ನು ಮುಂದಿನ ವರ್ಷ ನಾನು ಕೊಡ್ತೀನಿ” ಎಂದಳು. ಕರೆಂಟ್ ಬಿಲ್ಲು ಕಟ್ಟುವವರ ಪೈಕಿ ಒಬ್ಬಳು ಸಿಕ್ಕಿದಳು ಎಂದು ಹುಡುಗನಿಗೆ ಹಿಗ್ಗಾಯಿತು.

ವರ್ಷ ತಿರುಗಿತು. ಟೀಚರಮ್ಮ ನಿವೃತ್ತರಾದರು. ಅಂಗನವಾಡಿಯ ಕಾರ್ಯಕರ್ತೆ, ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತ್ತು. ಅದರ ಅರ್ಜಿಯನ್ನು ಆ ಕಾಲೇಜು ಹುಡುಗಿಯರೇ ಕುಳಿತು ತುಂಬಿದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಹೋಳಿಗೆ ಮಾಡಿದರು. ಹುಡುಗನಿಗೆ ಅಂದು ರಜೆ ಸಿಗಲಿಲ್ಲ.

ಹೊಸ ಟೀಚರ್ ಬಂದದ್ದು ಮುಂದಿನ ಸೋಮವಾರ, ಬೇರೆ ಊರಿನಿಂದ ಇಲ್ಲಿಗೆ ಸೊಸೆಯಾಗಿ ಬಂದ ಎಳೆಯ ಹೆಣ್ಣುಮಗಳು. ಬಣ್ಣವಿಲ್ಲದ ಗೋಡೆಯನ್ನು, ಹಳೆಯ ಟ್ರಂಕನ್ನು ಅಂಜಿಕೆಯಿಂದ ನೋಡಿದಳು. ಅಧ್ಯಕ್ಷೆ ಎರಡು ಪುಸ್ತಕಗಳನ್ನು ಅವಳ ಮುಂದಿಟ್ಟು, ಗುಳೇ ಹೋದ ಮಕ್ಕಳ ಹೆಸರುಗಳನ್ನು ಬೆರಳಿಟ್ಟು ಒಂದೊಂದಾಗಿ ಕೂಡಿಸಿ ಓದಿ ತೋರಿಸಿದಳು. ಹೊಸಬಳಿಗೆ ಆಶ್ಚರ್ಯ.

“ಇಷ್ಟೆಲ್ಲ ಯಾರು ಬರೆದಿದ್ದು ಅಕ್ಕಾ?”

ಅಧ್ಯಕ್ಷೆ ಒಂದು ಗಳಿಗೆ ಯೋಚಿಸಿದಳು. ಬೆಂಗಳೂರಿನ ಹುಡುಗನ ಹೆಸರು ಅವಳ ಬಾಯಿಗೆ ಬರಲಿಲ್ಲ.

“ನಾವಾ ಬರದೀವಿ” ಎಂದಳು.